ಅಡ್ಡ ನಿಂತ ಚೆಂಡು

30 ಪ್ರಶ್ನೆ, 20 ನಿಮಿಷ. ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವವರಿಗೆ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಗುಮಾಸ್ತ ಹುದ್ದೆಯ ಪೂರ್ವಭಾವಿ ಪರೀಕ್ಷೆಯಲ್ಲಿ ಇಂಗ್ಲಿಷ್ ವಿಭಾಗಕ್ಕೆ ಸಿಗುವುದು ಅಷ್ಟೇ. ಒಂದು ಪ್ರಶ್ನೆಗೆ 40 ಸೆಕೆಂಡು. ಉತ್ತರ ತಪ್ಪಾದರೆ ಕಾಲು ಅಂಕ ಕಡಿತ. ಆ 40 ಸೆಕೆಂಡಿನಲ್ಲಿ ಅರ್ಥ ಗೊತ್ತಿಲ್ಲದ ಒಂದು ಶಬ್ದ ಎದುರಿಗೆ ಬಂದು ನಿಂತರೆ ಏನಾಗುತ್ತದೆ ಎಂಬುದು ಗೊತ್ತಾಗಬೇಕಾದರೆ ನೀವು ನನ್ನ ಜಾಗದಲ್ಲಿ ಕುಳಿತಿರಬೇಕಿತ್ತು.

ಆ ಶಬ್ದ ‘ಸ್ಟೈಮೀಡ್’. ಯಾವುದೋ ಎರಡು ದೇಶಗಳ ಮಾತುಕತೆ ‘ಸ್ಟೈಮೀಡ್’ ಆಗಿದೆ, ಇದಕ್ಕೆ ಸಮೀಪದ ಅರ್ಥ ಯಾವುದು ಎಂಬುದು ಪ್ರಶ್ನೆ. ನಾನು ಕಂಡದ್ದು ಅದರೊಳಗಿನ ‘ಟೈಮ್’ ಮಾತ್ರ. ಸಮಯಕ್ಕೆ ಸರಿಯಾಗಿ ಮುಗಿಯಿತು ಎಂದಿರಬೇಕು ಅಂದುಕೊಂಡು, ಆ ಅರ್ಥದ ಆಯ್ಕೆಯನ್ನು ಒತ್ತಿ ಖುಷಿಯಿಂದ ಮುಂದೆ ಹೋದೆ. ಫಲಿತಾಂಶ ಬಂದಾಗ ಲೆಕ್ಕ, ತಾರ್ಕಿಕ ಪ್ರಶ್ನೆ ಎರಡರಲ್ಲೂ ಪಾಸು. ಇಂಗ್ಲಿಷ್‌ನಲ್ಲಿ ಕಟಾಫ್‌ಗೆ ಒಂದು ಅಂಕ ಚಿಲ್ಲರೆ ಕಡಿಮೆ. ಸರಿ ಉತ್ತರಕ್ಕೆ ಒಂದು ಅಂಕ ಬರುತ್ತಿತ್ತು, ತಪ್ಪಿಗೆ ಕಳೆದ ಕಾಲು ಅಂಕ ಉಳಿಯುತ್ತಿತ್ತು. ಒಂದೇ ಒಂದು ಶಬ್ದ ಗೊತ್ತಿದ್ದರೆ ದಾಟಿಬಿಡುತ್ತಿದ್ದೆ.

ಅದು ನನ್ನ ಎರಡನೆಯ ಪ್ರಯತ್ನ. ಬಿ.ಕಾಂ. ಮುಗಿಸಿ ಕುಂದಾಪುರದ ಒಂದು ಬಟ್ಟೆ ಅಂಗಡಿಗೆ ಸೇರಿದ್ದೆ. ಅಮ್ಮ ಗೇರುಬೀಜದ ಕಾರ್ಖಾನೆಗೆ ಹೋಗುತ್ತಾರೆ. ತಮ್ಮ ಪಿಯುಸಿ. ಬೆಳಿಗ್ಗೆ ತಲ್ಲೂರಿನಲ್ಲಿ ಬಸ್ ಹತ್ತಿದರೆ ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆಯೇ ವಾಪಸ್. ಬಸ್ಸಿನಲ್ಲಿ ಓದುವುದು, ಊಟದ ಬಿಡುವಿನಲ್ಲಿ ಓದುವುದು, ರಾತ್ರಿ ನಿದ್ದೆ ಬರುವವರೆಗೆ ಓದುವುದು. ಹೀಗೆ ತುಂಡು ತುಂಡಾಗಿ ಓದಿದ್ದು ಪರೀಕ್ಷೆಯಲ್ಲಿ ತುಂಡು ತುಂಡಾಗಿಯೇ ನೆನಪಾಗುತ್ತಿತ್ತು.

ಫಲಿತಾಂಶ ನೋಡಿದ ಸಂಜೆ ಮನೆಗೆ ಹೋಗಲು ಮನಸ್ಸಾಗಲಿಲ್ಲ. ತಲ್ಲೂರಿನಲ್ಲಿ ಬಸ್ ಇಳಿದವಳು ಹೆದ್ದಾರಿ ಬದಿಯಲ್ಲೇ ಇರುವ ಸೋದರಮಾವನ ಚಹಾದಂಗಡಿಗೆ ಹೋಗಿ ಬೆಂಚಿನ ಮೇಲೆ ಕುಳಿತೆ.

‘ಎಂತ ಹೆಣೆ, ಮುಖ ಊದಿಸ್ಕಂಡ್ ಕೂಕಂಡಿದ್ದೆ?’ ಅಂದರು ಮಾವ.

ವಿಷಯ ಹೇಳಿದೆ. ಶಬ್ದವನ್ನೂ ಹೇಳಿದೆ. ಮಾವ ಚಹಾ ಸೋಸುತ್ತಿದ್ದವರು ಕೈ ನಿಲ್ಲಿಸಿ ನಕ್ಕರು.

‘ಸ್ಟೈಮೀಡ್? ಅದ್ ನಂಗ್ ಗೊತ್ತಿತ್ತ್ ಮಾರಾಯ್ತಿ. ಅದ್ ಗಾಲ್ಫಿನ್ ಶಬ್ದ.’

ಏಳನೇ ತರಗತಿಗೆ ಶಾಲೆ ಬಿಟ್ಟ ಮಾವನಿಗೆ ಗೊತ್ತಿರುವ ಇಂಗ್ಲಿಷ್ ಶಬ್ದ ಬಿ.ಕಾಂ. ಮಾಡಿದ ನನಗೆ ಗೊತ್ತಿಲ್ಲ! ಅವಮಾನ ಆಗಬೇಕಿತ್ತು. ಆದದ್ದು ಕುತೂಹಲ.

ನಮ್ಮ ಕಡೆಯ ಬಹಳ ಮಂದಿಯಂತೆ ಮಾವ ಕೂಡ ಎಳೆಯ ವಯಸ್ಸಿನಲ್ಲೇ ಬೆಂಗಳೂರಿನ ಹೋಟೆಲಿಗೆ ಹೋದವರು. ಲೋಟ ತೊಳೆಯುವುದರಿಂದ ಶುರು. ಅಲ್ಲಿ ಪರಿಚಯವಾದ ಹುಡುಗನೊಬ್ಬನ ಜತೆಗೆ ಬೆಳಗಿನ ಹೊತ್ತು ಗಾಲ್ಫ್ ಮೈದಾನಕ್ಕೆ ಹೋಗಿ ಕ್ಯಾಡಿ ಕೆಲಸವನ್ನೂ ಮಾಡುತ್ತಿದ್ದರಂತೆ. ಆಡುವವರ ಕೋಲುಗಳ ಚೀಲ ಹೊರುವುದು, ಚೆಂಡು ಎಲ್ಲಿ ಬಿತ್ತೆಂದು ನೋಡಿಟ್ಟುಕೊಳ್ಳುವುದು, ಯಾವ ಕೋಲು ಬೇಕೆಂದು ಸೂಚಿಸುವುದು ಕ್ಯಾಡಿಯ ಕೆಲಸ. ಮಧ್ಯಾಹ್ನದಿಂದ ರಾತ್ರಿಯವರೆಗೆ ಹೋಟೆಲ್. ಇಷ್ಟು ನನಗೆ ಮೊದಲೇ ಗೊತ್ತಿತ್ತು. ಏಕೆಂದರೆ 2021ರ ಆಗಸ್ಟ್ 7ರ ಬೆಳಿಗ್ಗೆ, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಕೊನೆಯ ಸುತ್ತು ಆಡುತ್ತಿದ್ದಾಗ, ನಮ್ಮ ಮನೆಯಲ್ಲಿ ಆ ಆಟ ಅರ್ಥವಾಗುತ್ತಿದ್ದವರು ಮಾವ ಒಬ್ಬರೇ. ಅದಿತಿ ಒಂದೇ ಒಂದು ಹೊಡೆತದ ಅಂತರದಲ್ಲಿ ಕಂಚು ತಪ್ಪಿಸಿಕೊಂಡು ನಾಲ್ಕನೆಯವರಾದಾಗ ಮಾವ ಟಿ.ವಿ. ಆರಿಸಿ ಸುಮ್ಮನೆ ಹೊರಗೆ ಹೋಗಿದ್ದರು. ಅದೇ ಸಂಜೆ ನೀರಜ್ ಚೋಪ್ರಾ ಚಿನ್ನ ಗೆದ್ದದ್ದರಿಂದ ನಾವೆಲ್ಲ ಅದನ್ನು ಮರೆತೆವು. ಮಾವ ಮರೆತಿರಲಿಲ್ಲ.

ಅವರಿಗೆ ಈ ಶಬ್ದ ಸಿಕ್ಕಿದ ಬಗೆಯೇ ತಮಾಷೆ. ಅವರು ಚೀಲ ಹೊರುತ್ತಿದ್ದ ಹಿರಿಯರೊಬ್ಬರು, ಸೈನ್ಯದಿಂದ ನಿವೃತ್ತರಾದವರು, ಹೊಡೆದ ಚೆಂಡು ಮರದ ಹಿಂದೆ ಹೋಗಿ ಬಿದ್ದಾಗಲೆಲ್ಲ ಸೊಂಟದ ಮೇಲೆ ಕೈ ಇಟ್ಟು ‘ಸ್ಟೈಮೀಡ್!’ ಎನ್ನುತ್ತಿದ್ದರಂತೆ. ಮಾವ ಅದನ್ನು ಬಹಳ ದಿನ ಇಂಗ್ಲಿಷಿನ ಬೈಗುಳ ಎಂದೇ ತಿಳಿದಿದ್ದರು. ಹೋಟೆಲಿನಲ್ಲಿ ಯಾರ ಮೇಲೋ ಸಿಟ್ಟು ಬಂದಾಗ ಒಂದೆರಡು ಸಲ ಪ್ರಯೋಗಿಸಿಯೂ ಇದ್ದರಂತೆ! ಕೊನೆಗೆ ಆ ಹಿರಿಯರೇ ಅರ್ಥ ಬಿಡಿಸಿ ಹೇಳಿದರು. ‘ಅಡ್ಡ ಅಂದ್ಹೇಳಿ ಅದ್ರ ಅರ್ಥ. ದಾರಿಗೆ ಅಡ್ಡ.’

ಅಂಗಡಿಯ ಹಿಂಬದಿಯಲ್ಲಿ ಒಂದು ಹಳೆಯ ಕ್ಯಾರಂ ಬೋರ್ಡ್ ಇದೆ. ಮಾವ ಅದರ ಮೇಲೆ ಮೂಲೆಯ ಗುಂಡಿಯ ಹತ್ತಿರ ಒಂದು ಬಿಳಿ ಕಾಯಿನ್ ಇಟ್ಟರು. ಅದರ ಹಿಂದೆ, ನೇರ ಗೆರೆಯಲ್ಲಿ, ಒಂದು ಕಪ್ಪು ಕಾಯಿನ್ ಇಟ್ಟರು.

‘ಕಪ್ಪ್ ನಿಂದ್. ಗುಂಡಿಗೆ ಹಾಕ್ ಕಾಂಬ.’

ನೇರ ಹೊಡೆದರೆ ಬಿಳಿಯೇ ಒಳಗೆ ಹೋಗುತ್ತದೆ. ಅದರಿಂದ ಲಾಭ ಎದುರಾಳಿಗೆ. ಬಿಳಿಯನ್ನು ಕೈಯಿಂದ ಎತ್ತಿ ಬದಿಗಿಡುವ ಹಾಗಿಲ್ಲ. ಉಳಿದದ್ದು ಹಲಗೆಯ ಅಂಚಿಗೆ ಹೊಡೆದು ಬಳಸು ದಾರಿಯಲ್ಲಿ ತರುವುದೊಂದೇ.

‘ಇದೇ ಸ್ಟೈಮಿ’ ಅಂದರು ಮಾವ.

ಆ ರಾತ್ರಿ ನಾನು ಲೆಕ್ಕ ಬಿಡಿಸಲಿಲ್ಲ, ಮಾಕ್ ಟೆಸ್ಟ್ ಬರೆಯಲಿಲ್ಲ. ಆ ಒಂದು ಶಬ್ದದ ಬೆನ್ನು ಹತ್ತಿದೆ. ಮರುವಾರ ರಜೆಯ ದಿನ ಕುಂದಾಪುರದ ಗ್ರಂಥಾಲಯದಲ್ಲಿ ದೊಡ್ಡ ನಿಘಂಟು ತೆಗೆದು ನೋಡಿದೆ. ಮೊಬೈಲ್‌ನಲ್ಲಿ ಹಳೆಯ ಗಾಲ್ಫ್ ನಿಯಮಗಳನ್ನು ಹುಡುಕಿ ಓದಿದೆ. ನನ್ನನ್ನು ಕೆಡವಿದ ಶಬ್ದದ ಪೂರ್ವಾಪರ ತಿಳಿಯದೆ ಬಿಡಬಾರದೆಂಬ ಹಟ.

ಗಾಲ್ಫ್‌ನಲ್ಲಿ ಎರಡು ಬಗೆಯ ಪಂದ್ಯಗಳಿವೆ. ಒಂದು, ಎಲ್ಲರೂ ಆಡಿ ಒಟ್ಟು ಹೊಡೆತ ಎಣಿಸುವುದು. ಕಡಿಮೆ ಹೊಡೆತದವರು ಗೆದ್ದಂತೆ. ಒಲಿಂಪಿಕ್ಸ್‌ನಲ್ಲಿ ಅದಿತಿ ಆಡಿದ್ದು ಇದನ್ನು. ಇನ್ನೊಂದು, ಇಬ್ಬರು ಎದುರುಬದುರಾಗಿ ಒಂದೊಂದು ಕುಳಿಗೂ ಸೆಣಸುವುದು. ಇದಕ್ಕೆ ಮ್ಯಾಚ್ ಪ್ಲೇ ಎನ್ನುತ್ತಾರೆ. ಸ್ಟೈಮಿ ಹುಟ್ಟಿದ್ದು ಈ ಎರಡನೆಯದರಲ್ಲಿ. ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗಕ್ಕೆ ಗ್ರೀನ್ ಎಂದು ಹೆಸರು. ಅಲ್ಲಿ ಎದುರಾಳಿಯ ಚೆಂಡು ನಿಮ್ಮ ಚೆಂಡಿಗೂ ಕುಳಿಗೂ ನಡುವೆ ಬಂದು ನಿಂತಿತು ಅನ್ನಿ. ‘ಸ್ವಲ್ಪ ಎತ್ತಿಕೊಳ್ಳಿ’ ಎಂದು ಕೇಳುವ ಹಕ್ಕು ಆಗ ನಿಮಗಿರಲಿಲ್ಲ. ಎರಡು ಚೆಂಡುಗಳ ನಡುವೆ ಆರು ಇಂಚಿಗಿಂತ ಕಡಿಮೆ ಅಂತರ ಇದ್ದರೆ ಮಾತ್ರ ಎತ್ತಿಸಬಹುದಿತ್ತು. ಅದನ್ನು ಅಳೆಯಲು ಸುಲಭವಾಗಲೆಂದು ಕೆಲವು ಕ್ಲಬ್‌ಗಳು ಅಂಕ ಬರೆಯುವ ಕಾರ್ಡನ್ನೇ ಆರು ಇಂಚಿನ ಅಳತೆಗೆ ಮಾಡಿಸಿದ್ದವು. ಕಾರ್ಡನ್ನು ಹುಲ್ಲಿನ ಮೇಲಿಟ್ಟು ನೋಡಿದರೆ ಆಯಿತು.

ಅಂತರ ಆರು ಇಂಚಿಗಿಂತ ಹೆಚ್ಚಿದ್ದರೆ ದಾರಿ ಎರಡೇ. ನೆಲದ ಇಳಿಜಾರು ನೋಡಿ ಚೆಂಡನ್ನು ಬಳಸಿ ಉರುಳಿಸುವುದು ಒಂದು. ನಿಬ್ಲಿಕ್‌ನಂಥ ಹೆಚ್ಚು ಓರೆಯ ಕೋಲಿನಿಂದ ಚೆಂಡನ್ನು ಎಬ್ಬಿಸಿ, ಅಡ್ಡ ಇದ್ದ ಚೆಂಡಿನ ಮೇಲಿಂದ ಹಾರಿಸುವುದು ಇನ್ನೊಂದು. ಹೊಡೆತ ತಪ್ಪಿ ಎದುರಾಳಿಯ ಚೆಂಡು ಕುಳಿಗೆ ಬಿದ್ದರೆ ಅದು ಅವನ ಲೆಕ್ಕಕ್ಕೆ. ನಮ್ಮ ಕ್ಯಾರಂನಲ್ಲಿ ಎದುರಾಳಿಯ ಕಾಯಿನ್ ಹಾಕಿಕೊಟ್ಟ ಹಾಗೆಯೇ!

ಶಬ್ದದ ಮೂಲ ಯಾವುದೆಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತ ಇಲ್ಲ. ಸ್ಕಾಟ್ಲೆಂಡ್ ಕಡೆಯ ಮಾತಿನಲ್ಲಿ ‘ಸ್ಟೈಮ್’ ಅಂದರೆ ಕಣ್ಣಿಗೆ ಕಾಣುವ ಒಂದಿಷ್ಟು, ಒಂದು ಮಿಣುಕು. ‘ಸ್ಟೈಮ್ ಕೂಡ ಕಾಣುವುದಿಲ್ಲ’ ಎಂದರೆ ಏನೂ ಕಾಣದಂಥ ಸ್ಥಿತಿ. ಅದರಿಂದ ಬಂದಿರಬಹುದು ಎಂಬುದು ಒಂದು ಊಹೆ. ಕುಳಿಯೇ ಕಾಣದಂತೆ ಚೆಂಡು ನಿಂತದ್ದಕ್ಕೆ ಈ ಹೆಸರು ಎಂದರೆ ನಂಬಬೇಕು ಅನ್ನಿಸುತ್ತದೆ.

ಸ್ಟೈಮಿಯ ಅತಿ ಪ್ರಸಿದ್ಧ ಕತೆ 1930ರದು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಬ್ರಿಟಿಷ್ ಅಮೆಚೂರ್ ಚಾಂಪಿಯನ್‌ಷಿಪ್. ಅಮೆರಿಕದ ಬಾಬಿ ಜೋನ್ಸ್ ಎದುರು ಇಂಗ್ಲೆಂಡಿನ ಸಿರಿಲ್ ಟಾಲಿ. 18 ಕುಳಿ ಮುಗಿದರೂ ಇಬ್ಬರೂ ಸಮ. 19ನೆಯ ಕುಳಿಯಲ್ಲಿ ಜೋನ್ಸ್ ಅವರ ಚೆಂಡು ಟಾಲಿಯ ದಾರಿಗೆ ಸರಿಯಾಗಿ ಅಡ್ಡ ನಿಂತಿತು. ಟಾಲಿಗೆ ಅದನ್ನು ದಾಟಲಾಗಲಿಲ್ಲ. ಪಂದ್ಯ ಅಲ್ಲಿಗೆ ಮುಗಿಯಿತು. ಜೋನ್ಸ್ ಆ ಚಾಂಪಿಯನ್‌ಷಿಪ್ ಗೆದ್ದರು. ಅದೇ ವರ್ಷ ಬ್ರಿಟಿಷ್ ಓಪನ್, ಅಮೆರಿಕದ ಓಪನ್, ಅಮೆರಿಕದ ಅಮೆಚೂರ್ ಮೂರನ್ನೂ ಗೆದ್ದು ಚರಿತ್ರೆ ಸೇರಿದರು. ಒಂದು ಚೆಂಡು ಎರಡು ಇಂಚು ಆಚೆ ನಿಂತಿದ್ದರೆ ಆ ಚರಿತ್ರೆ ಬೇರೆಯೇ ಆಗುತ್ತಿತ್ತೋ ಏನೋ. ಒಂದು ಅಂಕ ಚಿಲ್ಲರೆಯಲ್ಲಿ ಸೋತ ನನಗೆ ಆ ರಾತ್ರಿ ಹತ್ತಿರದವರಾಗಿ ಕಂಡದ್ದು ಜೋನ್ಸ್ ಅಲ್ಲ, ಟಾಲಿ.

ಈ ನಿಯಮ ನ್ಯಾಯವೇ ಎಂಬ ಜಗಳ ದಶಕಗಳ ಕಾಲ ನಡೆಯಿತು. ಕೌಶಲ ಇದ್ದವನು ದಾಟುತ್ತಾನೆ, ಆಟದ ಮಜಾ ಇರುವುದೇ ಅದರಲ್ಲಿ ಎಂದು ಒಂದು ಪಕ್ಷ. ನನ್ನ ಹೊಡೆತದಲ್ಲಿ ತಪ್ಪಿಲ್ಲದಿದ್ದರೂ ನನಗೇಕೆ ಶಿಕ್ಷೆ ಎಂದು ಇನ್ನೊಂದು ಪಕ್ಷ. ಕೊನೆಗೆ ಗಾಲ್ಫಿನ ಎರಡು ದೊಡ್ಡ ಸಂಸ್ಥೆಗಳು, ಸೇಂಟ್ ಆಂಡ್ರೂಸ್‌ನ ಆರ್ ಅಂಡ್ ಎ ಮತ್ತು ಅಮೆರಿಕದ ಯು.ಎಸ್.ಜಿ.ಎ., ಕೂಡಿ ಕುಳಿತು ಒಂದೇ ನಿಯಮಾವಳಿ ಮಾಡಿದವು. 1952ರಿಂದ ಸ್ಟೈಮಿ ರದ್ದಾಯಿತು. ನಿಯಮ ಹೋದ ಮೇಲೂ ಜೋನ್ಸ್ ಅದರ ಪರವಾಗಿಯೇ ವಾದಿಸಿದರು. ಟಾಲಿಯ ಜಾಗದಲ್ಲಿದ್ದವರು ಎಷ್ಟು ಮಂದಿ ಹಾಗೆ ವಾದಿಸುತ್ತಿದ್ದರೋ!

ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಆಗ ಜಗತ್ತಿನ ಗಾಲ್ಫಿನಲ್ಲಿ ಸ್ಟೈಮಿ ಇನ್ನೂ ಜೀವಂತವಾಗಿತ್ತು. ಮಾವ ಬೆಂಗಳೂರಿಗೆ ಹೋಗುವ ಹೊತ್ತಿಗೆ ಅದು ಸತ್ತು ಮೂರು ದಶಕ ದಾಟಿತ್ತು. ಆದರೂ ಶಬ್ದ ಉಳಿದಿತ್ತು. ಆಟಗಾರರು ಮರ ಅಡ್ಡ ಬಂದರೆ ಆ ಮಾತು ಹೇಳುತ್ತಾರೆ. ಗಾಲ್ಫ್ ಕೋಲನ್ನು ಮುಟ್ಟಿಯೂ ನೋಡದ ಪತ್ರಕರ್ತರು ಮಾತುಕತೆ, ಮಸೂದೆ, ಯೋಜನೆ ಯಾವುದೇ ನಿಂತರೂ ಅದನ್ನು ಬಳಸುತ್ತಾರೆ. ಅಲ್ಲಿಂದ ಅದು ಬ್ಯಾಂಕ್ ಪರೀಕ್ಷೆಯ ಪ್ರಶ್ನೆಪತ್ರಿಕೆಗೆ ಬಂತು. ಅಲ್ಲಿಂದ ನನ್ನ ದಾರಿಗೆ.

ಇಷ್ಟನ್ನೆಲ್ಲ ಓದಿಕೊಂಡು ಹೋಗಿ ಮಾವನಿಗೆ ಹೇಳಿದೆ. ನಿಯಮ ರದ್ದಾದ ವಿಷಯ ಅವರಿಗೆ ಗೊತ್ತಿರಲಿಲ್ಲ. ಅವರು ನೋಡಿದ್ದು ಈಗಿನ ಪದ್ಧತಿಯನ್ನು. ಗಲ್ಲಾಪೆಟ್ಟಿಗೆಯಿಂದ ಒಂದು ರೂಪಾಯಿಯ ನಾಣ್ಯ ತೆಗೆದು ಕ್ಯಾರಂ ಬೋರ್ಡಿನ ಮೇಲಿದ್ದ ಬಿಳಿ ಕಾಯಿನ್ ಹಿಂದೆ ಇಟ್ಟರು. ಆಮೇಲೆ ಕಾಯಿನ್ ಎತ್ತಿಕೊಂಡರು.

‘ಈಗ ಹೀಂಗ್ ಮಾಡುದ್. ಗುರ್ತಿಗೆ ಪಾವ್ಲಿ ಇಟ್ಟ್ ಚೆಂಡ್ ಎತ್ತುದ್. ಆಚೆಯವ ಹೊಡ್ದ್ ಆದ್ಮೇಲೆ ಅದೇ ಜಾಗ್ದಲ್ಲ್ ಇಡುದ್. ಯಾರಿಗೂ ನಷ್ಟ ಇಲ್ಲ.’

‘ಎತ್ತದಿದ್ರೆ?’

‘ಕೇಂಡ್ರೆ ಎತ್ತ್‌ಕ್. ಅದ್ ನಿಯಮ. ಆದ್ರೆ ಕೇಣ್ಕ್.’

ಇಷ್ಟು ಹೇಳಿ ಮಾವ ಸ್ವಲ್ಪ ಹೊತ್ತು ನಾಣ್ಯ ತಿರುಗಿಸುತ್ತ ಕುಳಿತರು. ಆಮೇಲೆ, ನಾನು ಹಿಂದೆಂದೂ ಕೇಳಿರದ ಒಂದು ವಿಷಯ ಹೇಳಿದರು. ಅವರಿದ್ದ ಮೈದಾನದಲ್ಲಿ ವಾರಕ್ಕೊಂದು ದಿನ ಕ್ಯಾಡಿಗಳಿಗೂ ಆಡಲು ಬಿಡುತ್ತಿದ್ದರು. ಮಾವ ಚೆನ್ನಾಗಿಯೇ ಆಡುತ್ತಿದ್ದರಂತೆ. 1991ರಲ್ಲಿ ಅಲಿ ಶೇರ್ ಇಂಡಿಯನ್ ಓಪನ್ ಗೆದ್ದ ಸುದ್ದಿ ಬಂದಾಗ ಆ ಮೈದಾನದ ಕ್ಯಾಡಿಗಳೆಲ್ಲ ಕುಣಿದಾಡಿದ್ದರಂತೆ. ಏಕೆಂದರೆ ಅಲಿ ಶೇರ್ ದೆಹಲಿಯ ಕ್ಲಬ್‌ನಲ್ಲಿ ಕ್ಯಾಡಿಯಾಗಿದ್ದವರು. ಆ ಓಪನ್ ಗೆದ್ದ ಮೊದಲ ಭಾರತೀಯ ವೃತ್ತಿಪರ ಆಟಗಾರ ಅವರು. ನಮ್ಮಂಥವನೊಬ್ಬ ಗೆದ್ದ ಎಂದು ಎಲ್ಲರಿಗೂ ಹುರುಪು. ಮರುವರ್ಷ ಅಲ್ಲಿನ ಕ್ಯಾಡಿಗಳಿಗಾಗಿ ಒಂದು ಪಂದ್ಯ ಇಟ್ಟರು. ಮಾವನ ಹೆಸರೂ ಪಟ್ಟಿಯಲ್ಲಿತ್ತು. ಆದರೆ ಪಂದ್ಯ ಮಧ್ಯಾಹ್ನದ ಮೇಲೆ. ಅದು ಹೋಟೆಲ್ ಕೆಲಸದ ಹೊತ್ತು. ಧಣಿಗಳಲ್ಲಿ ಅರ್ಧ ದಿನ ರಜೆ ಕೇಳಬೇಕಿತ್ತು.

‘ಧಣಿ ಬಿಡ್ಲಿಲ್ಯಾ?’ ಕೇಳಿದೆ.

‘ಬಿಡ್ತಿದ್ರೋ ಇಲ್ಯೋ ಗೊತ್ತಿಲ್ಲ. ನಾನ್ ಕೇಂಬುಕೇ ಹೋಯ್ಲಿಲ್ಲ.’

ಊರಿನವರು, ಕೆಲಸ ಕೊಟ್ಟವರು, ಆಟ ಆಡಲು ರಜೆ ಎಂದರೆ ಏನಂದುಕೊಳ್ಳುತ್ತಾರೋ ಎಂಬ ಸಂಕೋಚ. ಆ ದಿನ ಮಾವ ಹೋಟೆಲಿನಲ್ಲಿ ಮಸಾಲೆ ದೋಸೆ ಸಪ್ಲೈ ಮಾಡುತ್ತಿದ್ದರು. ಪಂದ್ಯ ಗೆದ್ದ ಹುಡುಗ ಮುಂದೆ ಅದೇ ಮೈದಾನದಲ್ಲಿ ಆಟ ಕಲಿಸುವವರ ಕೈಕೆಳಗೆ ಕೆಲಸಕ್ಕೆ ಸೇರಿದನಂತೆ. ‘ನಾನ್ ಹೋಗಿದ್ರೆ ಗೆಲ್ತಿದ್ದೆ ಅಂದ್ಹೇಳಿ ಅಲ್ಲ’ ಅಂದರು ಮಾವ. ‘ಸೋತಿದ್ರೂ ಸೋತೆ ಅಂದ್ಹೇಳಿ ಗೊತ್ತಾತಿತ್ತ್.’

ಆ ಮಾತು ನನ್ನನ್ನು ಬಿಡಲಿಲ್ಲ. ಮನೆಗೆ ನಡೆದು ಹೋಗುವಾಗ ನನ್ನ ದಾರಿಯಲ್ಲಿ ಏನೇನು ಅಡ್ಡ ಇದೆ ಎಂದು ಲೆಕ್ಕ ಹಾಕಿದೆ. ಮೊದಲ ಸಲ ಅನ್ನಿಸಿತು, ಅಡ್ಡಗಳಲ್ಲೂ ಜಾತಿಗಳಿವೆ.

ಕೆಲವು ಅಡ್ಡಗಳನ್ನು ಬೇರೆ ಯಾರೋ ನಮಗಾಗಿ ಕೇಳಿ ಎತ್ತಿಸಿದ್ದಾರೆ. ನಾನು ಪರೀಕ್ಷೆಯ ಲೆಕ್ಕ ಮತ್ತು ತಾರ್ಕಿಕ ಪ್ರಶ್ನೆಗಳನ್ನು ಕನ್ನಡದಲ್ಲಿ ಓದಿ ಉತ್ತರಿಸುತ್ತೇನೆ. ಅದು ಸಹಜ ಎಂದೇ ತಿಳಿದಿದ್ದೆ. ಹಾಗಿರಲಿಲ್ಲ. ಬ್ಯಾಂಕ್ ಪರೀಕ್ಷೆ ಎಂದರೆ ಇಂಗ್ಲಿಷ್ ಅಥವಾ ಹಿಂದಿ ಎಂಬ ಸ್ಥಿತಿಯ ವಿರುದ್ಧ ಕರ್ನಾಟಕದಲ್ಲಿ ವರ್ಷಗಟ್ಟಲೆ ಜನ ದನಿ ಎತ್ತಿದರು. 2019ರ ಜುಲೈನಲ್ಲಿ, ಗ್ರಾಮೀಣ ಬ್ಯಾಂಕ್‌ಗಳ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ಬರೆಯಬಹುದೆಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಸಂಸತ್ತಿನಲ್ಲಿ ಪ್ರಕಟಿಸಿದರು. 2021ರ ಜುಲೈನಲ್ಲಿ ಸಾರ್ವಜನಿಕ ವಲಯದ ಬ್ಯಾಂಕ್‌ಗಳ ಗುಮಾಸ್ತ ಹುದ್ದೆಗೆ ಮತ್ತೆ ಎರಡೇ ಭಾಷೆಯ ಪ್ರಕಟಣೆ ಬಂದಾಗ ಇಲ್ಲಿ ವಿರೋಧ ಜೋರಾಯಿತು. ಹಣಕಾಸು ಸಚಿವಾಲಯ ಆ ಪ್ರಕ್ರಿಯೆಯನ್ನು ತಡೆಹಿಡಿಯಿತು. ಸೆಪ್ಟೆಂಬರ್ ಕೊನೆಗೆ, 12 ಬ್ಯಾಂಕ್‌ಗಳ ಪೂರ್ವಭಾವಿ ಮತ್ತು ಮುಖ್ಯ ಪರೀಕ್ಷೆ ಎರಡನ್ನೂ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಲು ಶಿಫಾರಸು ಮಾಡಿತು. 2023ರಲ್ಲಿ ಕೇಂದ್ರ ಸಿಬ್ಬಂದಿ ನೇಮಕಾತಿ ಆಯೋಗದ ಎಂ.ಟಿ.ಎಸ್. ಪರೀಕ್ಷೆ, ಕೇಂದ್ರ ಸಶಸ್ತ್ರ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆಗಳಿಗೂ ಈ ಅವಕಾಶ ಘೋಷಣೆಯಾಯಿತು. ಯಾರೋ ‘ಇದು ನಮ್ಮ ದಾರಿಗೆ ಅಡ್ಡ, ಎತ್ತಿ’ ಎಂದು ಕೇಳಿದರು. ಹಾಗಾಗಿ ನಾನು ಇಂದು ನೇರ ಹೊಡೆಯುತ್ತಿದ್ದೇನೆ. 1952ರಲ್ಲಿ ಗಾಲ್ಫಿನಲ್ಲಿ ಆದದ್ದೂ ಇದೇ ತಾನೆ?

ಎರಡನೆಯ ಜಾತಿಯ ಅಡ್ಡ ಎತ್ತಲಾಗದ್ದು. ಇಂಗ್ಲಿಷ್ ವಿಭಾಗ ಇಂಗ್ಲಿಷ್‌ನಲ್ಲೇ ಇರುತ್ತದೆ. ಅದನ್ನು ತೆಗೆಯಿರಿ ಎಂದು ನಾನು ಕೇಳುವುದೂ ಇಲ್ಲ. ನಾಳೆ ಕೌಂಟರಿನಲ್ಲಿ ಕುಳಿತರೆ ಬೇಕಾಗುತ್ತದೆ. ಇಲ್ಲಿ ಬಳಸಿ ಹೋಗಬೇಕು, ಇಲ್ಲವೇ ಹಾರಿಸಬೇಕು. ನಾನು ಓದುವ ಕ್ರಮ ಬದಲಿಸಿದೆ. ಮೊದಲು ದಿನಕ್ಕೆ 25 ಶಬ್ದ ಪಟ್ಟಿ ಮಾಡಿ ಉರು ಹೊಡೆಯುತ್ತಿದ್ದೆ. ವಾರ ಕಳೆದರೆ ಐದು ನೆನಪಿರುತ್ತಿದ್ದವು. ಈಗ ದಿನಕ್ಕೆ ನಾಲ್ಕೇ ಶಬ್ದ. ಆದರೆ ಪ್ರತಿಯೊಂದೂ ಎಲ್ಲಿಂದ ಬಂತು, ಪತ್ರಿಕೆಯಲ್ಲಿ ಯಾವ ವಾಕ್ಯದಲ್ಲಿ ಸಿಕ್ಕಿತು, ನಮ್ಮ ಮನೆಯ ಮಾತಿನಲ್ಲಿ ಅದಕ್ಕೆ ಏನನ್ನುತ್ತೇವೆ ಎಂದು ಬರೆದಿಡುತ್ತೇನೆ. ‘ಸ್ಟೈಮಿ’ಯ ಎದುರು ‘ಅಡ್ಡ’ ಎಂದು ಬರೆದು ಕ್ಯಾರಂ ಬೋರ್ಡಿನ ಚಿತ್ರ ಬರೆದಿದ್ದೇನೆ. ಅದು ಇನ್ನು ಸಾಯುವವರೆಗೆ ಮರೆಯುವುದಿಲ್ಲ.

ಮೂರನೆಯ ಜಾತಿ ವಿಚಿತ್ರ. ಅದು ಎತ್ತಲು ಆಗುವಂಥದ್ದು, ಎತ್ತುವ ಮನಸ್ಸು ಎದುರಿನವರಿಗೆ ಇರಲೂಬಹುದು. ಆದರೆ ನಾವು ಕೇಳಿರುವುದಿಲ್ಲ. ನನಗೆ ಅಂಥದ್ದು ಒಂದಿತ್ತು. ಕುಂದಾಪುರದಲ್ಲಿ ನಮ್ಮಂಥವರಿಗಾಗಿ ಸಂಜೆ ಏಳರಿಂದ ಎಂಟರವರೆಗೆ ನಿವೃತ್ತ ಮೇಷ್ಟ್ರೊಬ್ಬರು ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಶುಲ್ಕ ಇಲ್ಲ. ಅಂಗಡಿಯಿಂದ ಐದು ನಿಮಿಷದ ದಾರಿ. ಆದರೆ ಅಂಗಡಿ ಮುಚ್ಚುವುದು ಎಂಟಕ್ಕೆ. ಒಂದು ವರ್ಷದಿಂದ ನಾನು ಮನಸ್ಸಿನಲ್ಲೇ ಅಂಗಡಿಯ ಯಜಮಾನರನ್ನು ಬೈದುಕೊಂಡಿದ್ದೆ. ಇವರಿಗೇನು ಗೊತ್ತು ನಮ್ಮ ಕಷ್ಟ, ಇವರು ಬಿಡುವುದುಂಟೇ ಎಂದು. ಒಂದು ದಿನವೂ ಕೇಳಿರಲಿಲ್ಲ.

ಮಾವ ಹೇಳಿದ್ದನ್ನು ಅಮ್ಮನಿಗೆ ಹೇಳಿದೆ. ಅಮ್ಮ ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತದೆಯೇ ಅಂದರು, ‘ಕೇಣ್ದೆ ಹ್ಯಾಂಗ್ ಗೊತ್ತಾತ್ತ್?’

ಮರುದಿನ ಕೇಳಿದೆ. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ಗಂಟಲು ಒಣಗಿತ್ತು. ಯಜಮಾನರು ಬಿಲ್ಲಿನ ಪುಸ್ತಕ ಮುಚ್ಚಿ ನನ್ನ ಮುಖ ನೋಡಿದರು. ‘ಒಂದು ಗಂಟೆ ಮೊದಲು ಹೋದರೆ ಒಂದು ಗಂಟೆಯ ಸಂಬಳ ಕಡಿಮೆಯಾಗುತ್ತದೆ. ಹಬ್ಬದ ಸೀಸನ್ನಿನಲ್ಲಿ ಬಿಡುವುದಕ್ಕೆ ಆಗುವುದಿಲ್ಲ. ಉಳಿದ ದಿನ ಹೋಗು’ ಅಂದರು. ಅಷ್ಟೇ. ಸಿನಿಮಾದಲ್ಲಿ ಆಗುವಂತೆ ಅವರು ನನ್ನ ತಲೆ ಸವರಲಿಲ್ಲ, ಪುಸ್ತಕಕ್ಕೆ ದುಡ್ಡು ಕೊಡಲಿಲ್ಲ. ಆದರೆ ಒಂದು ನಾಣ್ಯ ಇಟ್ಟು ಚೆಂಡು ಎತ್ತಿಕೊಂಡರು. ನಾನು ಹೊಡೆದಾದ ಮೇಲೆ ಅದು ಮತ್ತೆ ಅದರ ಜಾಗಕ್ಕೆ ಬರುತ್ತದೆ. ಅವರಿಗೂ ದೊಡ್ಡ ನಷ್ಟ ಇಲ್ಲ.

ಆ ತಿಂಗಳು ಸಂಬಳ ಕಡಿಮೆ ಬಂತು. ಅಮ್ಮ ಏನೂ ಹೇಳಲಿಲ್ಲ. ತಮ್ಮ ಮಾತ್ರ ಒಂದೆರಡು ದಿನ ಮುಖ ಉಬ್ಬಿಸಿಕೊಂಡಿದ್ದ. ಅವನಿಗೆ ಮಾತು ಕೊಟ್ಟಿದ್ದ ಶೂಗಳು ಮುಂದಕ್ಕೆ ಹೋದವು. ಕೇಳುವುದಕ್ಕೂ ಒಂದು ಬೆಲೆ ಇದೆ ಎಂಬುದನ್ನು ಮುಚ್ಚಿಟ್ಟು ಬರೆದರೆ ತಪ್ಪಾಗುತ್ತದೆ.

ಗೆಳೆಯರೇ, ಉಪದೇಶ ಮಾಡುವಷ್ಟು ದೊಡ್ಡವಳು ನಾನಲ್ಲ. ಕೆಲಸ ಇನ್ನೂ ಸಿಕ್ಕಿಲ್ಲ. ಮೂರನೆಯ ಪ್ರಯತ್ನದಲ್ಲಿ ಪೂರ್ವಭಾವಿ ಪರೀಕ್ಷೆ ದಾಟಿದ್ದೇನೆ. ಇಂಗ್ಲಿಷ್‌ನಲ್ಲಿ ಈ ಸಲ ಕಟಾಫ್‌ಗಿಂತ ನಾಲ್ಕು ಅಂಕ ಮೇಲೆ. ಮುಖ್ಯ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದೇನೆ. ಆಗಬಹುದು, ಆಗದಿರಬಹುದು. ಮಾವ ಹೇಳಿದ ಹಾಗೆ, ಸೋತರೂ ಸೋತೆ ಎಂದು ಗೊತ್ತಾಗುತ್ತದೆ.

ನಮ್ಮಲ್ಲಿ ಒಂದು ಅಭ್ಯಾಸವಿದೆ. ಸಾಧಕರ ಕತೆ ಹೇಳುವಾಗ ಅಡ್ಡಿಗಳನ್ನೆಲ್ಲ ಹಾರಿ ಬಂದರು ಎಂದು ಕೊಂಡಾಡುತ್ತೇವೆ. ಹಾರಲು ಬಾರದವನು ಸೋಮಾರಿ ಎಂಬಂತೆ. ಸ್ಟೈಮಿಯ ಕತೆ ಓದಿದ ಮೇಲೆ ನನಗೆ ಹಾಗೆ ಅನ್ನಿಸುವುದಿಲ್ಲ. ಚೆಂಡನ್ನು ಹಾರಿಸುವ ಕೌಶಲ ದೊಡ್ಡದೇ. ಅದನ್ನು ಕಲಿಯಲೇಬೇಕು. ಆದರೆ ಎತ್ತಬಹುದಾದ ಚೆಂಡನ್ನು ಎತ್ತಿ ಎಂದು ಕೇಳುವುದು ಹೇಡಿತನ ಅಲ್ಲ. ಗಾಲ್ಫ್ ಆಡುವ ಜಗತ್ತಿಗೇ ಅಷ್ಟು ತಿಳಿಯಲು 1952 ಬರಬೇಕಾಯಿತು. ಮಾವನಿಗೆ ಮೂವತ್ತು ವರ್ಷ ಬೇಕಾಯಿತು. ನನಗೆ ಎರಡು ಪರೀಕ್ಷೆ.

ಕಳೆದ ವಾರ ಅಂಗಡಿಗೆ ಹೊಸ ಹುಡುಗಿಯೊಬ್ಬಳು ಬಂದಿದ್ದಾಳೆ. ಸಂಜೆ ಆರೂವರೆ ಆದಾಗಿನಿಂದ ಗೋಡೆಯ ಗಡಿಯಾರ ನೋಡುತ್ತಾಳೆ. ಸೀರೆ ಮಡಚುತ್ತ ಇನ್ನೊಮ್ಮೆ ನೋಡುತ್ತಾಳೆ. ಯಜಮಾನರ ಕಡೆ ಎರಡು ಹೆಜ್ಜೆ ಇಟ್ಟು ವಾಪಸ್ ಬರುತ್ತಾಳೆ. ಮೂರು ದಿನ ನೋಡಿದೆ. ನಾಲ್ಕನೆಯ ದಿನ ಹತ್ತಿರ ಹೋಗಿ ಕೇಳಿದೆ.

‘ಎಂತಾರೂ ಕೇಣ್ಕಿತ್ತಾ? ಬಾ, ನಾನೂ ಬತ್ತೆ.’